ಕಲ್ಯಾಣದುರ್ಗದ ಗಿಡ್ಡ ಟ್ರ್ಯಾಕು

ವೇದಿಕೆಯ ಮೇಲೆ ಐದು ಜನ ಇದ್ದೆವು. ನಡುವೆ, ಮದುವೆ ಛತ್ರದಿಂದ ತರಿಸಿದ ಕೆಂಪು ಮಖಮಲ್ಲಿನ ಕುರ್ಚಿಯಲ್ಲಿ, ಹೊಸದಾಗಿ ವೈಸ್ ಛಾನ್ಸಲರ್ ಆಗಿದ್ದ ಪೆನ್ನೋಬಳಯ್ಯ ಸಾರ್. ಅವರ ಒಂದು ಪಕ್ಕ ನಮ್ಮ ಹಿಂದೂಪುರ ಕಾಲೇಜಿನ ಪ್ರಿನ್ಸಿಪಾಲರು, ಇನ್ನೊಂದು ಪಕ್ಕ ಊರಿನ ಹಿರಿಯ ವ್ಯಾಪಾರಿಯೊಬ್ಬರು. ಶಾಲು, ಹಾರ, ಹಣ್ಣಿನ ತಟ್ಟೆ ಹಿಡಿದು ನಿಂತ ಕಾಮರ್ಸ್ ಮೇಡಂ. ತುದಿಯಲ್ಲಿ, ಮೈಕಿನ ಮುಂದೆ, ಗಾಜು ಹಾಕಿಸಿದ ಸನ್ಮಾನ ಪತ್ರ ಎದೆಗೆ ಒತ್ತಿಕೊಂಡು ನಾನು, ಆ ಕಾಲೇಜಿನ ಫಿಜಿಕಲ್ ಡೈರೆಕ್ಟರು, ಮಕ್ಕಳ ಬಾಯಲ್ಲಿ ಪೀಡೀ ಸಾರ್. ಕೆಳಗೆ ಶಾಮಿಯಾನದಡಿ ಕ್ಲಾಸು ಬಿಡಿಸಿ ತಂದು ಕೂರಿಸಿದ ಮಕ್ಕಳು. ಎಲ್ಲರಿಗಿಂತ ಹಿಂದೆ, ಯಾರೂ ಕರೆಯದೆ ಬಸ್ಸು ಹತ್ತಿ ಬಂದ ಒಬ್ಬ ಮುದುಕ: ಕಲ್ಯಾಣದುರ್ಗದ ಮಾರೆಣ್ಣ. ಒಂದು ಕಾಲಕ್ಕೆ ಅಲ್ಲಿನ ಕಾಲೇಜಿನಲ್ಲಿ ಗ್ರೌಂಡ್ ಮಾರ್ಕರ್ ಆಗಿದ್ದವನು. ಮೈದಾನ ಗುಡಿಸಿ, ನೀರು ಹೊಡೆದು, ಗೂಟ ನೆಟ್ಟು, ಸುಣ್ಣದ ಗೆರೆ ಹಾಕಿಯೇ ಮೂವತ್ತು ವರ್ಷ ಕಳೆದವನು.

ಆವತ್ತು ಬೆಳಿಗ್ಗೆ ನಮ್ಮ ಮೈದಾನಕ್ಕೂ ಹೊಸದಾಗಿ ಗೆರೆ ಹಾಕಿಸಿದ್ದೆ. ಸಾಹೇಬರು ಬರುವ ಹೊತ್ತಿಗೆ ಧೂಳು ಏಳಬಾರದು ಅಂತ ನೀರು ಚಿಮುಕಿಸಿದ್ದರು. ನೀರು ಬಿದ್ದ ಸುಣ್ಣಕ್ಕೆ ಒಂದು ವಾಸನೆ ಇದೆ. ಮೂಗಿನೊಳಗೆ ಸಣ್ಣಗೆ ಸುಡುತ್ತದೆ. ನನಗೆ ಅದು ಹೊಸದೇನಲ್ಲ, ಅದರಲ್ಲೇ ನನ್ನ ಅನ್ನ ಬೆಂದಿರುವುದು. ಆದರೆ ಪತ್ರದ ಮೂರನೇ ಸಾಲು ಓದುವ ಹೊತ್ತಿಗೆ ಸರಿಯಾಗಿ ಗಾಳಿ ತಿರುಗಿ ಆ ವಾಸನೆ ವೇದಿಕೆಗೆ ಬಂತು. ಆ ಸಾಲು ತೆಲುಗಿನಲ್ಲಿತ್ತು. ಕನ್ನಡದಲ್ಲಿ ಹೇಳುವುದಾದರೆ, "ಕಲ್ಯಾಣದುರ್ಗದ ಹಳ್ಳಿ ಹೆಣ್ಣುಮಕ್ಕಳ ಕಾಲಿಗೆ ರೆಕ್ಕೆ ಕಟ್ಟಿ, ಅದರ ಮೇಲೆ ಡಾಕ್ಟರೇಟ್ ಪ್ರಬಂಧ ಬರೆದು, ಆರೋಗ್ಯ ಮತ್ತು ಮನರಂಜನಾ ಶಿಕ್ಷಣಕ್ಕೆ ಹೊಸ ದಾರಿ ತೋರಿದ ಮಹನೀಯರು."

ಆ ಪತ್ರ ಬರೆದವನೂ ನಾನೇ. ಸಾಹೇಬರ ಬಗ್ಗೆ ನಿಂಗೆ ಚೆನ್ನಾಗಿ ಗೊತ್ತಲ್ಲ, ನೀನೇ ಬರಿ ಅಂದಿದ್ದರು ಪ್ರಿನ್ಸಿಪಾಲರು. ಚೆನ್ನಾಗಿಯೇ ಗೊತ್ತಿತ್ತು. ಆಮೇಲೆ ರೀಡರ್ ಆಗಿದ್ದು, ವಿಭಾಗದ ಮುಖ್ಯಸ್ಥರಾಗಿದ್ದು, ಡೀನ್ ಆಗಿದ್ದು, ಈಗ ವೈಸ್ ಛಾನ್ಸಲರ್ ಆಗಿದ್ದು, ಎಲ್ಲ ಮೆಟ್ಟಿಲೂ ಒಂದೊಂದಾಗಿ ಓದಿ ಮುಗಿಸಿದೆ. ಚಪ್ಪಾಳೆ ಬಿತ್ತು. ಆದರೆ ನಾನು ಆ ಮೂರನೇ ಸಾಲಿನಲ್ಲೇ ನಿಂತಿದ್ದೆ.

ನಾನು ಕಲ್ಯಾಣದುರ್ಗಕ್ಕೆ ಹೋದ ವರ್ಷ ನನಗೆ ಇಪ್ಪತ್ತೆಂಟು. ಮನೆ ಸೋಮಂದೇಪಲ್ಲಿಯಲ್ಲಿ. ಹೆಂಡತಿ ಬಸುರಿ. ಕಾಲೇಜಿನಲ್ಲಿ ನನ್ನದು ವರ್ಷಕ್ಕೊಂದು ಸಲ ಮುಂದುವರಿಸುವ ಗುತ್ತಿಗೆ ಕೆಲಸ, ಅಸಿಸ್ಟೆಂಟ್ ಕೋಚ್ ಅಂತ. ಮುಂದುವರಿಸಬೇಕೋ ಬೇಡವೋ ಅಂತ ಕಾಗದ ಬರೆಯುವವರು ಅಲ್ಲಿನ ಫಿಜಿಕಲ್ ಡೈರೆಕ್ಟರು. ಅವರೇ ಪೆನ್ನೋಬಳಯ್ಯ ಸಾರ್.

ಆಗ ಅವರಿಗೆ ಮೂವತ್ತೈದು, ಮೂವತ್ತಾರು ಇರಬೇಕು. ಬಿಳೀ ಶೂ, ಕೊರಳಲ್ಲಿ ಸೀಟಿ, ಮೀಸೆ ಕೆಳಗೆ ಯಾವಾಗಲೂ ಒಂದು ನಗು. ಅಂಥ ಮನುಷ್ಯ ಮೈದಾನಕ್ಕೆ ಬಂದರೆ ಮಂಕಾಗಿ ಕೂತವರೂ ಎದ್ದು ನಿಲ್ಲುತ್ತಿದ್ದರು, ಅದು ಸುಳ್ಳಲ್ಲ. ಪಿಎಚ್‌ಡಿಗೆ ಹೆಸರು ಹಚ್ಚಿಸಿದ್ದರು. ವಿಷಯ, ಹಳ್ಳಿ ಕಡೆಯ ಹೆಣ್ಣುಮಕ್ಕಳ ದಮ್ಮು. ಬೆಳಿಗ್ಗೆ ಓಟದ ತರಬೇತಿ, ಸಂಜೆ ಒಂದು ಗಂಟೆ ಆಟ, ಹಾಡು, ನಗೆ. ಅದಕ್ಕೆ ಅವರು 'ರಿಕ್ರಿಯೇಷನ್ ಅವರ್' ಅನ್ನುತ್ತಿದ್ದರು. ಹೀಗೆ ನಾಲ್ಕು ತಿಂಗಳು ಮಾಡಿದರೆ ದಮ್ಮು ಎಷ್ಟು ಹೆಚ್ಚುತ್ತದೆ ಅಂತ ತೋರಿಸುವುದು. ಶುರುವಿನಲ್ಲಿ ಒಂದು ಸಲ, ಕೊನೆಯಲ್ಲಿ ಒಂದು ಸಲ, ಮೂರು ಸಾವಿರ ಮೀಟರ್ ಓಡಿಸಿ ಟೈಮು ಬರೆದುಕೊಳ್ಳುವುದು.

ಇಪ್ಪತ್ತನಾಲ್ಕು ಹುಡುಗಿಯರನ್ನು ಆರಿಸಿದರು. ಕಂಬದೂರು, ಕುಂದುರ್ಪಿ ಕಡೆಯಿಂದ ಬಂದು ಹಾಸ್ಟೆಲಲ್ಲಿದ್ದವರು. ಅವರಲ್ಲಿ ಒಬ್ಬಳು ಅಕ್ಕಮ್ಮ. ಕುಂದುರ್ಪಿ ಹತ್ತಿರದ ಹಳ್ಳಿ, ಅಪ್ಪ ಕುರಿ ಸಾಕುವವನು. ಎತ್ತರ ಕಮ್ಮಿ. ಓಡುವಾಗ ತಲೆ ಅಲ್ಲಾಡುತ್ತಿರಲಿಲ್ಲ, ತುಂಬಿದ ಕೊಡ ಹೊತ್ತವಳ ಹಾಗೆ. ಜುಲೈ ತಿಂಗಳ ಮೊದಲ ಟೆಸ್ಟಿನಲ್ಲಿ ಬರಿಗಾಲಲ್ಲಿ ಓಡಿದಳು. ಹನ್ನೆರಡು ನಿಮಿಷ ಇಪ್ಪತ್ತು ಸೆಕೆಂಡು.

"ಏನಮ್ಮಾ, ಶೂ ಕೊಟ್ಟಿದ್ದೀವಲ್ಲ?" ಅಂದೆ.

"ಒಜ್ಜೆ ಆಯ್ತವೆ ಸಾರ್. ಅವನ್ನ ಹೊತ್ಕಂಡು ಓಡ್ಬೇಕಲ್ಲ," ಅಂದಳು. ಸುತ್ತಲಿದ್ದವರು ನಕ್ಕರು. ಅವಳೂ ನಕ್ಕಳು.

ಅವಳಿಗೆ ಏನು ಬೇಕಿತ್ತು ಅಂತ ಮೊದಲೇ ಹೇಳಿಬಿಡುತ್ತೇನೆ. ನವೆಂಬರಿನಲ್ಲಿ ಹಿಂದೂಪುರದಲ್ಲಿ ಯೂನಿವರ್ಸಿಟಿ ಟೀಮಿಗೆ ಸೆಲೆಕ್ಷನ್ ಇತ್ತು. ಮೂರು ಸಾವಿರ ಮೀಟರಿಗೆ ಇಬ್ಬರನ್ನು ತೆಗೆದುಕೊಳ್ಳುತ್ತಾರೆ. ಅದರಲ್ಲಿ ಬಂದರೆ ಬಿ.ಪಿ.ಎಡ್. ಸೀಟು ಸಿಗುತ್ತದೆ. ಸೀಟು ಸಿಕ್ಕಿದರೆ ಸ್ಕೂಲಲ್ಲಿ ಆಟ ಕಲಿಸುವ ಮೇಡಂ ಆಗಬಹುದು. ಅವಳ ಅಪ್ಪ ತಿಮ್ಮಣ್ಣ ಅದಕ್ಕೆ ಒಪ್ಪಿದ್ದ. "ಸೀಟು ಬಂದ್ರೆ ಓದು ಕಣಮ್ಮ, ನಾನು ಅಡ್ಡ ಬರಲ್ಲ. ಬರ್ಲಿಲ್ಲ ಅಂದ್ರೆ ಮನೆಗೆ ಬಂದ್ಬುಡು, ನಿಮ್ಮತ್ತೆ ಮಗನಿಗೆ ಮಾತು ಕೊಟ್ಟಾಗೈತೆ," ಅಂದಿದ್ದನಂತೆ. ಇದನ್ನು ಅವಳು ನನಗೆ ಹೇಳಿದ್ದು ಸಂಜೆಯ ಆಟದ ಹೊತ್ತಿನಲ್ಲಿ, ಬೇಯಿಸಿದ ಶೇಂಗಾ ಸುಲಿಯುತ್ತಾ. ಅತ್ತೆ ಮಗ ಕೆಟ್ಟವನಾ ಅಂತ ಕೇಳಿದೆ. "ಕೆಟ್ಟೋನೇನಲ್ಲ ಸಾರ್. ಆದ್ರೆ ಅವ್ನಿಗೆ ನಾನು ಓಡೋದು ಬ್ಯಾಡ, ನಿಂತ್ಕಂಡಿದ್ರೆ ಸಾಕು," ಅಂದಳು.

ಆ ವರ್ಷ ಆಗಸ್ಟಿನ ಕೊನೆಗೆ ನಮ್ಮ ಕಡೆ ಅಪರೂಪಕ್ಕೆ ಜಡಿಮಳೆ ಹಿಡಿಯಿತು. ಮೂರು ದಿನ ಬೆಟ್ಟವೇ ಕಾಣಲಿಲ್ಲ. ನಾಲ್ಕನೇ ದಿನ ಮೈದಾನಕ್ಕೆ ಹೋದರೆ ಗೆರೆಯೆಲ್ಲ ತೊಳೆದುಹೋಗಿ, ಕೆಂಪು ನೀರಲ್ಲಿ ಬಿಳಿ ಕೆನೆ ತೇಲುತ್ತಿತ್ತು. ಗೂಟಗಳೂ ಕಿತ್ತುಹೋಗಿದ್ದವು. ನೀರು ಇಂಗಿದ ಮೇಲೆ ನಾನು, ಮಾರೆಣ್ಣ ಇಬ್ಬರೂ ಹೊಸದಾಗಿ ಟ್ರ್ಯಾಕು ಹಾಕಿದೆವು. ಅದು ಇಬ್ಬರ ಕೆಲಸ. ಒಬ್ಬ ಗೂಟದ ಹತ್ತಿರ ಟೇಪಿನ ತುದಿ ಹಿಡಿದು ಕೂರಬೇಕು. ಇನ್ನೊಬ್ಬ ಆ ಕಡೆ ಹೋಗಿ ಅಂಕಿ ನೋಡಿ ಗುರುತು ಹಾಕಬೇಕು. ತುದಿ ಹಿಡಿದವನು ಮಾರೆಣ್ಣ. ಅಂಕಿ ನೋಡಿದವನು ನಾನು. ಮಧ್ಯಾಹ್ನದೊಳಗೆ ಮುಗಿಸಿ, ಬಸ್ ಸ್ಟ್ಯಾಂಡ್ ಹತ್ತಿರ ಹೋಗಿ ಉಗ್ಗಾಣಿ ಬಜ್ಜಿ ತಿಂದೆವು.

ಅಲ್ಲಿಂದ ಮುಂದೆ ಪೆನ್ನೋಬಳಯ್ಯ ಸಾರಿಗೆ ಎಲ್ಲವೂ ಒಳ್ಳೆಯದೇ ಆಯಿತು. ವಾರ ವಾರಕ್ಕೂ ಹುಡುಗಿಯರ ಟೈಮು ಇಳಿಯುತ್ತಾ ಬಂತು. ಶೇಂಗಾ ಕೀಳುವ ಕಾಲ ಬಂದು ಊರೆಲ್ಲ ಬಳ್ಳಿಯ ಹಸಿ ವಾಸನೆ ತುಂಬಿಕೊಂಡಾಗ, ನವೆಂಬರಿನ ಮೊದಲ ವಾರ, ಕೊನೆಯ ಟೆಸ್ಟು ಮಾಡಿದೆವು. ಅಕ್ಕಮ್ಮ ಹನ್ನೊಂದು ನಿಮಿಷ ಹನ್ನೆರಡು ಸೆಕೆಂಡಿಗೆ ಮುಗಿಸಿದಳು. ಒಂದು ನಿಮಿಷಕ್ಕೂ ಮೇಲೆ ಇಳಿದಿತ್ತು. ಮಿಕ್ಕವರದ್ದೂ ಹಾಗೇ. ಸಾರ್ ಆ ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು, ಅವಳ ತಲೆ ಮೇಲೆ ಕೈ ಇಟ್ಟು, "ನೀನು ನನ್ನ ಥೀಸಿಸ್ಸೇ ಕಣಮ್ಮಾ" ಅಂದರು. ಅವಳಿಗೆ ಆ ಮಾತು ಪೂರ್ತಿ ಅರ್ಥವಾಗಿರಲಿಕ್ಕಿಲ್ಲ. ಆದರೂ ಮುಖ ಅರಳಿತು.

ಆಮೇಲೆ ಸೆಲೆಕ್ಷನ್ನಿಗೆ ಹತ್ತು ದಿನ ಇತ್ತು. ಆಗ ಊರಿನ ಬಾಲ್ ಬ್ಯಾಡ್ಮಿಂಟನ್ ಆಡುವವರು ಬಂದು, ಒಂದು ಪಂದ್ಯ ಇಟ್ಟುಕೊಂಡಿದ್ದೇವೆ, ನಿಮ್ಮ ಮೈದಾನದಲ್ಲಿ ಕೋರ್ಟು ಹಾಕಿಕೊಡಿ ಅಂದರು. ಸಾರ್ ಹೂಂ ಅಂದರು. ಅದೇ ಟೇಪಿನಿಂದ ಕೋರ್ಟು ಅಳೆದು, ಎರಡೂ ಅಂಚಿಗೆ ಕಂಬ ಹೂಳಿ, ನೆಟ್ಟು ಕಟ್ಟಿದೆವು. ನೆಟ್ಟು ನಡುವೆ ಜೋತುಬಿದ್ದು ನೆಲ ಮುಟ್ಟುತ್ತಿತ್ತು.

"ಬಿಸ್ಲಿಗೆ ಉದ್ದ ಆಗ್ಬುಟ್ಟೈತೆ ಸಾರ್," ಅಂದ ಮಾರೆಣ್ಣ.

"ನೆಟ್ಟು ಬೆಳೀತದೇನೋ ಮಾರೆಣ್ಣಾ, ಹಾಗಲಬಳ್ಳಿನಾ ಅದು?" ಅಂದೆ. ಅಂದು, ಅನುಮಾನ ಬಂದು, ಟೇಪಿನ ಅವನ ತುದಿಯನ್ನು ಕೈಗೆ ತೆಗೆದುಕೊಂಡು ನೋಡಿದೆ. ತುದಿಯಲ್ಲಿ ಒಂದು ತಂತಿಯ ಉಂಗುರ ಗಂಟು ಹಾಕಿತ್ತು. ಉಂಗುರದ ಪಕ್ಕದ ಅಂಕಿ ಸೊನ್ನೆ ಅಲ್ಲ. ಎರಡು.

"ಇದೇನಯ್ಯಾ, ಮೊದಲ ಎರಡು ಮೀಟರ್ ಎಲ್ಲಿ?"

"ಪಂದ್ರಾಗಸ್ಟಿಗೆ ಶಾಮಿಯಾನದೋರು ಇಸ್ಕಂಡಿದ್ರಲ್ಲ ಸಾರ್. ಎಳ್ದಾಡಿ ಹರ್ದಾಕಿದ್ರು. ನಾನು ಉಂಗ್ರ ಕಟ್ದೆ. ಹಿಂದಿನ ಪೀಡೀ ಸಾರ್ ಕಾಲದಾಗೂ ಇಂಗೇ ಹರ್ದಿತ್ತು, ಇಂಗೇ ಕಟ್ಟಿದ್ದೆ. ಅವ್ರು ಆ ಕಡೆ ನಿಂತ್ಕಂಡು ಎರಡು ಸೇರಿಸ್ಕತಿದ್ರು."

"ನಂಗೆ ಯಾಕೆ ಹೇಳ್ಲಿಲ್ಲ?"

"ನೀವು ಓದಿದೋರು, ಸೇರಿಸ್ಕತೀರಿ ಅಂತ ನಾನು," ಅಂದ. ಆಮೇಲೆ ಅವನ ಮುಖ ಸಣ್ಣಗಾಯಿತು. ನೆಲ ನೋಡುತ್ತಾ, "ಅಂಗಾದ್ರೆ ಟ್ರ್ಯಾಕು?" ಅಂದ.

ಇಬ್ಬರೂ ಅಲ್ಲೇ ಮಣ್ಣಿನ ಮೇಲೆ ಕೂತು ಲೆಕ್ಕ ಹಾಕಿದೆವು. ಟೇಪು ಎಳೆದಾಗೆಲ್ಲ ಎರಡೆರಡು ಮೀಟರ್ ಹೋಗಿತ್ತು. ಒಂದೊಂದು ತಿರುವಿಗೆ ಆರು, ಎರಡು ಸಲ ಟೇಪು ಎಳೆದ ಒಂದೊಂದು ನೇರ ದಾರಿಗೆ ನಾಲ್ಕು, ಎಲ್ಲ ಕೂಡಿಸಿದರೆ ಟ್ರ್ಯಾಕು ಒಂದೊಂದು ಸಲ ಸುತ್ತುವಾಗಲೂ ಇಪ್ಪತ್ತು ಮೀಟರ್ ಗಿಡ್ಡ. ಮೂರು ಸಾವಿರಕ್ಕೆ ಏಳೂವರೆ ಸಲ ಸುತ್ತಬೇಕು. ಅಂದರೆ ಹುಡುಗಿಯರು ನೂರೈವತ್ತು ಮೀಟರ್ ಕಮ್ಮಿ ಓಡಿದ್ದರು. ಅರ್ಧ ನಿಮಿಷದ ಮೇಲಿನ ದಾರಿ. ಜುಲೈನ ಟೆಸ್ಟು ಸರಿಯಾದ ಟ್ರ್ಯಾಕಿನ ಮೇಲೆ, ನವೆಂಬರಿನದು ಗಿಡ್ಡ ಟ್ರ್ಯಾಕಿನ ಮೇಲೆ. ದಮ್ಮು ಹೆಚ್ಚಿದ್ದು ನಿಜ. ಆದರೆ ಕಾಗದದ ಮೇಲೆ ಇದ್ದದ್ದರಲ್ಲಿ ಅರ್ಧದಷ್ಟು.

ಓಡಿಹೋಗಿ ಸಾರಿಗೆ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಬಾಗಿಲು ಹಾಕು ಅಂದರು.

"ಯಾರ್ಯಾರಿಗೆ ಗೊತ್ತು ರಾಜೂ?"

"ನಂಗೆ, ಮಾರೆಣ್ಣನಿಗೆ."

"ಮಾರೆಣ್ಣನಿಗೆ ಗೊತ್ತು ಅಂದ್ರೆ ಯಾರಿಗೂ ಗೊತ್ತಿಲ್ಲ ಅಂತ." ನಕ್ಕರು.

"ಇನ್ನೊಂದ್ಸಲ ಟೆಸ್ಟು ಮಾಡಿದ್ರೆ ಆಯ್ತಲ್ಲ ಸಾರ್, ಹುಡುಗೀರೆಲ್ಲ ಇಲ್ಲೇ ಇದಾರೆ."

"ಮಾಡಬಹುದು. ಅರ್ಧ ಬರುತ್ತೆ. ಅರ್ಧ ಡಾಕ್ಟರ್ ಅಂತ ಯಾರಾದ್ರೂ ಇದಾರೇನಯ್ಯಾ?" ಮೇಜಿನ ಮೇಲಿದ್ದ ಹಾಳೆಗಳನ್ನು ತಟ್ಟಿ ಸಮ ಮಾಡಿದರು. "ಗೈಡಿಗೆ ಕಳಿಸಿ ಆಯ್ತು. ಟೈಪಿಂಗಿಗೆ ಹೋಯ್ತು. ಈಗ ಏನು ಮಾಡು ಅಂದ್ರೆ, ಇವತ್ತೇ ನೀರು ಹೊಡೆದು ಅಳಿಸು. ಸರಿಯಾಗಿ ಹಾಕು. ಯಾರಿಗೂ ಡಂಗುರ ಹೊಡೀಬೇಡ."

"ಅಕ್ಕಮ್ಮಂಗೆ ಹೇಳ್ಬೇಕಲ್ಲ ಸಾರ್. ಅವಳೊಬ್ಬಳೇ ಈಗ ಓಡ್ತಾ ಇರೋದು. ನಾಳೆ ಟೈಮು ಒಂದೇ ಸಲಕ್ಕೆ ಅರ್ಧ ನಿಮಿಷ ಏರುತ್ತೆ."

"ಅವಳಿಗೆ ಹೇಳಿದ್ರೆ ಹಾಸ್ಟೆಲ್‌ಗೆ ಹೇಳಿದ ಹಾಗೆ. ಹಾಸ್ಟೆಲ್‌ಗೆ ಹೇಳಿದ್ರೆ ಎಗ್ಸಾಮಿನರ್‌ಗೆ ಹೇಳಿದ ಹಾಗೆ. ಚೂಡು, ಇಲ್ಲಿ ನೋಡು ರಾಜೂ, ನಿನ್ನ ಹೆಂಡತಿಗೆ ಈಗ ಏಳು ತಿಂಗಳಲ್ವಾ? ಹಿಂದೂಪುರದಲ್ಲಿ ಒಂದು ಪೋಸ್ಟು ಬರ್ತಾ ಇದೆ, ಪರ್ಮನೆಂಟು. ಮನೆಯಿಂದ ಓಡಾಡಬಹುದು."

ಬಾಯಿ ಮುಚ್ಚಿಕೊಂಡು ಇರುವವರನ್ನು ಕಂಡರೆ ನಮ್ಮಜ್ಜಿ, "ಬಾಯಾಗೆ ಬೆಲ್ಲ ಇಕ್ಕಂಡವ್ನೆ, ಕರಗೋಗಂಟ ಮಾತಾಡಕಿಲ್ಲ ಬಿಡು" ಅನ್ನುತ್ತಿದ್ದಳು. ಆ ಬೆಲ್ಲ ನನ್ನ ಬಾಯಿಗೆ ಬಿದ್ದದ್ದು ಅವತ್ತು. ಮಧ್ಯಾಹ್ನ ಟ್ಯಾಂಕರ್ ತರಿಸಿ ಟ್ರ್ಯಾಕು ತೊಳೆದೆವು. ಎರಡು ಸೇರಿಸಿಕೊಂಡು, ಸರಿಯಾಗಿ, ಹೊಸ ಗೆರೆ ಎಳೆದೆವು.

ಅವತ್ತು ಅಕ್ಕಮ್ಮ ಕಲ್ಯಾಣದುರ್ಗದಲ್ಲಿ ಇರಲಿಲ್ಲ. ಅವಳ ಅಕ್ಕನ ಮಗುವಿಗೆ ಹೆಸರಿಡುವ ಶಾಸ್ತ್ರ ಅಂತ ತಿಮ್ಮಣ್ಣ ಬಂದು ಕರೆದುಕೊಂಡು ಹೋಗಿದ್ದ. "ಒಂದ್ ದಿನಕ್ಕೆ ಸಾಮಿ, ನಾಳೆ ಮೊದಲ್ನೇ ಬಸ್ಸಿಗೆ ಹತ್ತಿಸ್ತೀನಿ" ಅಂದಿದ್ದ. ಹಾಗೇ ಹತ್ತಿಸಿದ. ಬಸ್ಸಿಳಿದು, ಹಾಸ್ಟೆಲಲ್ಲಿ ಚೀಲ ಎಸೆದು, ನೇರ ಮೈದಾನಕ್ಕೆ ಬಂದಳು. ಓಡಿದಳು. ನಾನು ವಾಚು ಹಿಡಿದಿದ್ದೆ.

ಹನ್ನೊಂದು ನಲವತ್ತೇಳು.

ಅವಳು ನಂಬಲಿಲ್ಲ. ಮೊಣಕಾಲ ಮೇಲೆ ಕೈ ಊರಿಕೊಂಡು, ಏದುಸಿರು ಬಿಡುತ್ತಾ, "ವಾಚು ಸರ್ಯಾಗೈತಾ ಸಾರ್?" ಅಂದಳು.

"ಸರ್ಯಾಗೈತೆ ಕಣಮ್ಮಾ," ಅಂದೆ. ವಾಚು ಸರಿಯಾಗಿಯೇ ಇತ್ತು.

ಪೆನ್ನೋಬಳಯ್ಯ ಸಾರ್ ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡರು. ಇಳಿದು ಬಂದು, "ಏನಮ್ಮಾ, ಊರಲ್ಲಿ ಪಾಯಸ ಜೋರಾಗಿತ್ತಾ?" ಅಂದರು. "ಮುವ್ವತ್ತೈದು ಸೆಕೆಂಡ್! ನಾಲ್ಕು ತಿಂಗಳು ನಾನು ಕಟ್ಟಿದ್ದನ್ನ ಒಂದು ದಿನಕ್ಕೆ ತಿಂದು ಮುಗಿಸಿ ಬಂದಿದೀಯ."

"ಒಂದೇ ಒಬ್ಬಟ್ಟು ತಿಂದಿದ್ದು ಸಾರ್," ಅಂದಳು ಅಕ್ಕಮ್ಮ. ಅಳು ಬರುವಷ್ಟು ಗಂಭೀರವಾಗಿ ಅಂದಳು.

ಅವತ್ತಿನಿಂದ ಶುರುವಾಯಿತು. ಕತ್ತಲೆ ಹರಿಯುವ ಮುಂಚೆ ಒಂದು ಸಲ, ಕ್ಲಾಸು ಬಿಟ್ಟ ಮೇಲೆ ಒಂದು ಸಲ. ಸಾರ್ ಹೇಳಿದ್ದು ಒಂದು ಸಲಕ್ಕೆ, ಎರಡನೆಯದು ಅವಳೇ ಹಾಕಿಕೊಂಡದ್ದು. ಸೆಲೆಕ್ಷನ್ ಮುಂದೆ ಇಟ್ಟುಕೊಂಡು ಯಾವ ಕೋಚೂ ಹಾಗೆ ಓಡಿಸುವುದಿಲ್ಲ. ಮೈಗೆ ಬಿಡುವು ಕೊಡಬೇಕು, ಅದು ನಮ್ಮ ವಿದ್ಯೆಯ ಮೊದಲನೇ ಪಾಠ. ಅವರಿಗೂ ಗೊತ್ತು, ನನಗೂ ಗೊತ್ತು. ಎರಡನೇ ದಿನ ಹನ್ನೊಂದು ಐವತ್ತೊಂದು. ನಾಲ್ಕನೇ ದಿನ ಹನ್ನೊಂದು ಐವತ್ತೆಂಟು. ಹಾಸ್ಟೆಲಿನಲ್ಲಿ ಅನ್ನ ಬಿಟ್ಟು ಬರೀ ಮಜ್ಜಿಗೆ ಕುಡಿಯುತ್ತಿದ್ದಾಳೆ ಅಂತ ಅವಳ ಗೆಳತಿಯರು ಬಂದು ನನಗೆ ಚಾಡಿ ಹೇಳಿದರು. ಒಬ್ಬಟ್ಟು ಇಳಿಯಲಿ ಅಂತಂತೆ.

ಐದನೇ ದಿನ ಸಂಜೆ. ಆಟದ ಗಂಟೆ, ಎಲ್ಲ ಹುಡುಗಿಯರೂ ಸುತ್ತ ಕೂತಿದ್ದರು. ಅಕ್ಕಮ್ಮ ಓಡಿ ಬಂದು, ನೀರು ಕುಡಿದು, ತಡೆಯಲಾರದೆ ಅಂದಳು: "ಸಾರ್, ಟ್ರ್ಯಾಕು ಉದ್ದ ಆದಂಗೈತೆ. ಆ ತಿರುವಿನಾಗೆ ನಂಗೆ ಹೆಜ್ಜೆ ಗೊತ್ತಿತ್ತು. ಈಗ ಅದು ಮುಗಿಯೋದೇ ಇಲ್ಲ. ಕಾಲಿಗೆ ತಿಳೀತೈತೆ ಸಾರ್."

ಈಗ ಹೇಳಬಹುದಿತ್ತು. ಅವಳೇ ಹೇಳಿಬಿಟ್ಟಿದ್ದಳು, ನಾನು ಹೂಂ ಅಂದಿದ್ದರೆ ಸಾಕಿತ್ತು.

ಪೆನ್ನೋಬಳಯ್ಯ ಸಾರ್ ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಕೇಳಿಸ್ಕೊಂಡ್ರೇನ್ರಮ್ಮಾ ಎಲ್ಲರೂ! ಅಕ್ಕಮ್ಮನ ಕಾಲು ಗಿಡ್ಡ ಆಗಿಲ್ಲವಂತೆ, ಟ್ರ್ಯಾಕೇ ಉದ್ದ ಆಗಿದೆಯಂತೆ! ರಾಜೂ, ರಾತ್ರಿ ನೀನೇನಾದ್ರೂ ಬಂದು ಎಳೆದು ಹೋದೆಯೇನಯ್ಯಾ ಟ್ರ್ಯಾಕನ್ನ?"

ಇಪ್ಪತ್ತಮೂರು ಹುಡುಗಿಯರು ಬಿದ್ದು ಬಿದ್ದು ನಕ್ಕರು. ಒಬ್ಬಳು, "ಸಂಗಟಿ ಮುದ್ದೆ ಥರ ಎಳೆದ್ರಾ ಸಾರ್?" ಅಂದಳು. ಇನ್ನೂ ನಗು. ನಾನೂ ನಕ್ಕೆ. ಅಕ್ಕಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ನಕ್ಕದ್ದು ಕಂಡ ಮೇಲೆ ತಾನೂ ನಗಲು ಬಾಯಿ ತೆರೆದಳು, ಬರಲಿಲ್ಲ.

ಆಮೇಲೆ ಅವಳು ಏನೂ ಕೇಳಲಿಲ್ಲ. ಮೊಣಕಾಲ ಕೆಳಗಿನ ಮೂಳೆ ನೋವು ಅಂತ ಬಟ್ಟೆ ಸುತ್ತಿಕೊಂಡು ಓಡಿದಳು. ಮಾರೆಣ್ಣ ಮಾತ್ರ ಒಂದು ದಿನ ಗುದ್ದಲಿ ಕೆಳಗಿಟ್ಟು ನನ್ನ ಹತ್ತಿರ ಬಂದ. "ಸಾರ್, ಹೇಳ್ಬುಡಾಣ. ನನ್ನ ಕೆಲ್ಸ ಹೋದ್ರೆ ಹೋಗ್ಲಿ."

"ನಿಂದು ಹೋಗಲ್ಲ ಮಾರೆಣ್ಣ. ನಂದು ಹೋಗುತ್ತೆ," ಅಂದೆ.

ಅವನು ಗುದ್ದಲಿ ಎತ್ತಿಕೊಂಡ.

ಸೆಲೆಕ್ಷನ್ ದಿನ ಹಿಂದೂಪುರದಲ್ಲಿ ಬೆಳಗಿನ ಚಳಿ ಚುರುಗುಟ್ಟುತ್ತಿತ್ತು. ಆರೂವರೆಗೆ ತಿಮ್ಮಣ್ಣ ಬಂದು ನಿಂತಿದ್ದ. ಎರಡು ಬಸ್ಸು ಬದಲಾಯಿಸಿ, ಹೆಗಲ ಮೇಲೆ ಕಂಬಳಿ ಹೊದ್ದು. ಮಗಳು ಓಡುವುದನ್ನು ಅವನು ನೋಡಿರಲೇ ಇಲ್ಲ. "ಎಲ್ಲಿಗಂಟ ಓಡ್ತಾರೆ ಸಾಮಿ?" ಅಂತ ಕೇಳಿದ. ಇಲ್ಲೇ ಸುತ್ತುತ್ತಾರೆ ಅಂದೆ. "ಸುತ್ತಿ ಸುತ್ತಿ ಇಲ್ಲಿಗೇ ಬರಕ್ಕೆ ಇಷ್ಟು ದೂರ ಬಂದ್ಳಾ?" ಅಂತ ನಕ್ಕ. ಅವನ ಹಲ್ಲೂ ಮಗಳ ಹಲ್ಲಿನ ಹಾಗೇ.

ಹನ್ನೊಂದು ಜನ ಓಡಿದರು. ಐದು ಸುತ್ತಿನವರೆಗೂ ಅಕ್ಕಮ್ಮ ಎರಡನೆಯವಳಾಗಿಯೇ ಇದ್ದಳು. ಆರನೆಯದರಲ್ಲಿ ಬಟ್ಟೆ ಸುತ್ತಿದ್ದ ಆ ಕಾಲು ಎಳೆಯತೊಡಗಿತು. ತಲೆ ಅಲ್ಲಾಡಿತು. ಅವಳ ತಲೆ ಅಲ್ಲಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಹಿಂದಿದ್ದ ಒಬ್ಬಳು ದಾಟಿಕೊಂಡು ಹೋದಳು. ಮೊದಲು ಬಂದವಳದ್ದು ಹನ್ನೊಂದು ಮೂವತ್ತೆಂಟು. ಎರಡನೆಯವಳದ್ದು ಹನ್ನೊಂದು ಐವತ್ತು. ಅಕ್ಕಮ್ಮ ಮೂರನೆಯವಳು, ಹನ್ನೆರಡು ಎರಡು.

ಹನ್ನೊಂದು ಐವತ್ತು. ಊರಿಂದ ಬಸ್ಸಿಳಿದು ಬಂದ ದಿನ, ಹೊಟ್ಟೆಯಲ್ಲಿ ಒಬ್ಬಟ್ಟು ಇಟ್ಟುಕೊಂಡೇ, ಸರಿಯಾದ ಟ್ರ್ಯಾಕಿನ ಮೇಲೆ ಅವಳು ಹನ್ನೊಂದು ನಲವತ್ತೇಳಕ್ಕೆ ಓಡಿದ್ದಳು. ಅದು ಸಾಕಿತ್ತು. ಆ ವಾರ ನಾವು ಸುಮ್ಮನೆ ಅವಳನ್ನು ಮಲಗಿಸಿದ್ದರೆ ಸಾಕಿತ್ತು.

ಅವಳು ಗೆರೆ ದಾಟಿ ಹುಲ್ಲಿನ ಮೇಲೆ ಬಿದ್ದಳು. ತಿಮ್ಮಣ್ಣ ಕಂಬಳಿ ತೆಗೆದು ಅವಳ ಮೇಲೆ ಹೊದಿಸಿದ. ಆಮೇಲೆ ನೇರವಾಗಿ ಪೆನ್ನೋಬಳಯ್ಯ ಸಾರ್ ಹತ್ತಿರ ಬಂದು ಕೈ ಮುಗಿದ. "ತಪ್ಪು ನಂದೇ ಸಾಮಿ. ನಾನು ಹೆಸರಿಡಾಕೆ ಅಂತ ಕರ್ಕಂಡೋಗ್ಬುಟ್ಟೆ. ಅವ್ಳು ಬ್ಯಾಡ ಅಂದ್ಳು. ನಾನೇ ಬಲವಂತ ಮಾಡ್ದೆ."

ಸಾರ್ ಅವನ ಮುಗಿದ ಕೈಯನ್ನು ಹಿಡಿದುಕೊಂಡರು. ಎಷ್ಟು ಮೆತ್ತಗೆ ಹಿಡಿದರು ಅಂದರೆ, ನೋಡಿದವರು ದೇವರಂಥ ಮನುಷ್ಯ ಅನ್ನಬೇಕು. "ಪೋನೀಲೇ ಪೆದ್ದಾಯನಾ, ಹೋಗ್ಲಿ ಬಿಡು ಯಜಮಾನ. ನಾಲ್ಕು ತಿಂಗಳ ಶ್ರಮ. ಹಳ್ಳಿಯವರಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು. ಬೇಜಾರು ಮಾಡ್ಕೋಬೇಡ," ಅಂದರು.

ತಿಮ್ಮಣ್ಣ ಅತ್ತುಬಿಟ್ಟ. ನಾನು ಮೂರು ಮಾರು ದೂರದಲ್ಲಿ ನಿಂತಿದ್ದೆ.

ಅಪ್ಪ ಮಗಳು ಅಲ್ಲಿಂದಲೇ ಊರಿನ ಬಸ್ಸು ಹತ್ತಿದರು. ಹಾಸ್ಟೆಲಿನಲ್ಲಿದ್ದ ಅವಳ ಪೆಟ್ಟಿಗೆಯನ್ನು ಒಂದು ವಾರ ಬಿಟ್ಟು ಯಾರೋ ನೆಂಟರು ಬಂದು ಒಯ್ದರು. ಮಾರ್ಚಿನಲ್ಲಿ ಪರೀಕ್ಷೆಯ ಹಾಲ್ ಟಿಕೆಟ್ ಬಂತು, ಅವಳು ಬರಲಿಲ್ಲ. ನನಗೆ ಗಂಡು ಮಗು ಆಯಿತು. ಜೂನಿನಲ್ಲಿ ಹಿಂದೂಪುರದ ಆರ್ಡರ್ ಕೈಗೆ ಬಂತು. ಸಾರ್ ಡಾಕ್ಟರ್ ಆದರು, ಯೂನಿವರ್ಸಿಟಿಗೆ ಹೋದರು, ಹೋಗುತ್ತಲೇ ಇದ್ದರು. ಮಿಕ್ಕಿದ್ದನ್ನು ಸನ್ಮಾನ ಪತ್ರದಲ್ಲಿ ಬರೆದಿದ್ದೇನೆ.

ಅವತ್ತು ಸನ್ಮಾನ ಮುಗಿದ ಮೇಲೆ ಸಾಹೇಬರು ನನ್ನ ಭುಜ ತಟ್ಟಿ, "ಆ ಕಾಲ ಎಷ್ಟು ಚೆನ್ನಾಗಿತ್ತಲ್ಲ ರಾಜೂ" ಅಂದರು. ಅವರಿಗೆ ನಿಜವಾಗಿಯೂ ಹಾಗೆ ಅನ್ನಿಸಿತ್ತು, ಕಣ್ಣಲ್ಲಿ ಕಾಣುತ್ತಿತ್ತು. ಕಾರು ಹೋಯಿತು. ಶಾಮಿಯಾನ ಬಿಚ್ಚುವ ಹೊತ್ತಿಗೆ ಮಾರೆಣ್ಣ ಹತ್ತಿರ ಬಂದ. ಬೆನ್ನು ಬಾಗಿತ್ತು, ಒಂದು ಕಣ್ಣಿಗೆ ಪೊರೆ.

"ಚೆನ್ನಾಗಿ ಓದಿದ್ರಿ ರಾಜು ಸಾರ್," ಅಂದ. "ಹರ್ದಿರೋ ಟೇಪಿನ ಅಂಕಿ ಅದು, ಎರಡು ಕಳೆದು ಓದ್ಬೇಕಿತ್ತು."

ಅಷ್ಟೇ ಅಂದು, ಊಟವನ್ನೂ ಮಾಡದೆ ಬಸ್ ಸ್ಟ್ಯಾಂಡಿನ ಕಡೆ ನಡೆದ.

ಮುಂದಿನ ಭಾನುವಾರ ನಾನು ಕುಂದುರ್ಪಿಯ ಬಸ್ಸು ಹತ್ತಿದೆ. ಅಕ್ಕಮ್ಮನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಊರಿಗೆಲ್ಲ ಗೊತ್ತಿದ್ದವಳು, ಆಶಾ ಕಾರ್ಯಕರ್ತೆ. ಬಸುರಿಯರ ಮನೆ, ಬಾಣಂತಿಯರ ಮನೆ ಅಂತ ದಿನವೆಲ್ಲ ನಡೆಯುವ ಕೆಲಸ. ಜಗಲಿ ಮೇಲೆ ರಿಜಿಸ್ಟರ್ ಬಿಡಿಸಿಕೊಂಡು ಕೂತಿದ್ದಳು. ತಕ್ಷಣ ಗುರುತು ಹಿಡಿದಳು. ಎದ್ದು ನಿಂತು, "ರಾಜು ಸಾರ್! ಕೂದ್ಲೆಲ್ಲ ಎಲ್ಲಿಗೋದ್ವು?" ಅಂದಳು. ಬಾಗಿಲಲ್ಲಿ ಅವಳ ಮಗಳು ನಿಂತಿದ್ದಳು, ಹದಿನೇಳು ಹದಿನೆಂಟರವಳು, ಪಿಯುಸಿಯಂಥ ಇಂಟರ್ ಮುಗಿಸಿದ್ದಳು. ನೀರು ತಂದುಕೊಟ್ಟು ಒಳಗೆ ಹೋದಳು.

ನಾನು ಸುತ್ತಿ ಬಳಸಲಿಲ್ಲ. ಟೇಪು ಹರಿದದ್ದು, ಉಂಗುರ, ಇಪ್ಪತ್ತು ಮೀಟರು, ಟ್ಯಾಂಕರಿನ ನೀರು, ಎಲ್ಲ ಹೇಳಿದೆ. ಹನ್ನೊಂದು ನಲವತ್ತೇಳು ಸಾಕಾಗಿತ್ತು ಅನ್ನುವುದನ್ನೂ ಹೇಳಿ ಮುಗಿಸಿದೆ.

ಅಕ್ಕಮ್ಮ ರಿಜಿಸ್ಟರ್ ಮುಚ್ಚಿದಳು. ಅದರ ರಟ್ಟನ್ನು ಉಗುರಿನಿಂದ ಕೆರೆದಳು.

"ಅಪ್ಪ ಹೋಗಿ ಆರು ವರ್ಷ ಆಯ್ತು ಸಾರ್," ಅಂದಳು. "ಹಾಸಿಗೆ ಹಿಡಿದಿದ್ದ. ಕೊನೆಕೊನೆಗೆ ಯಾರದ್ದೂ ಗುರುತಿರ್ಲಿಲ್ಲ. ಅವತ್ತು ಹೆಸರಿಟ್ಟ ನಮ್ಮಕ್ಕನ ಮಗೀನ ಗುರ್ತೂ ಇರ್ಲಿಲ್ಲ. ನಾನು ಹತ್ರ ಹೋದ್ರೆ ಮಾತ್ರ, ನಾನು ಕರ್ಕಂಬರ್ಬಾರ್ದಾಗಿತ್ತು ಕಣಮ್ಮಾ, ಬರ್ಬಾರ್ದಾಗಿತ್ತು ಅಂತಿದ್ದ. ಅದೊಂದೇ ಮಾತು. ಆ ಮಗೀಗೆ ನಮ್ಮಪ್ಪ ಯಾವತ್ತೂ ಎತ್ತಿ ಮುತ್ತು ಕೊಡ್ಲಿಲ್ಲ ಸಾರ್."

ನಾನು ನೀರಿನ ಲೋಟ ಕೆಳಗಿಟ್ಟೆ.

"ನಂಗ್ಯಾಕೆ ಹೇಳಿದ್ರಿ?" ಅಂದಳು. ದನಿ ಏರಿಸಲಿಲ್ಲ. "ನಂಗೆ ನನ್ನ ಕಾಲೇ ಸರಿಯಿಲ್ಲ ಅಂತ ಒಗ್ಗೋಗಿತ್ತು. ಅವನಿಗೆ ಹೇಳ್ಬೇಕಾಗಿತ್ತು ನೀವು. ಆರು ವರ್ಷದ ಹಿಂದೆ ಬಂದಿದ್ರೂ ಆಯ್ತಿತ್ತು."

ಆಮೇಲೆ ಒಳಗೆ ಹೋಗಿ ಟೀ ಮಾಡಿ ತಂದಳು. ನಾನು ಕುಡಿಯುವವರೆಗೂ ಕಂಬಕ್ಕೆ ಒರಗಿ ನಿಂತಿದ್ದಳು. ಲೋಟ ತೊಳೆಯಲು ತೆಗೆದುಕೊಂಡು, "ಬಸ್ಸು ಮೂರಕ್ಕೆ ಐತೆ," ಅಂದಳು.

ಅದೇ ವರ್ಷ ಜುಲೈನಲ್ಲಿ ನಮ್ಮ ಕಾಲೇಜಿನಲ್ಲಿ ಡಿಗ್ರಿ ಅಡ್ಮಿಷನ್ ಶುರುವಾಯಿತು. ಆಟದ ಕೋಟಾದ ಅರ್ಜಿಗಳನ್ನು ನೋಡುವುದು ನನ್ನ ಕೆಲಸ, ಆ ದಿನ ನಾನು ಊಟಕ್ಕೆ ಹೋಗಿದ್ದೆ. ತಿರುಗಿ ಬಂದಾಗ ಕೌಂಟರಿನ ಗುಮಾಸ್ತೆ ಹೇಳಿದರು. ಕುಂದುರ್ಪಿ ಕಡೆಯಿಂದ ತಾಯಿ ಮಗಳು ಬಂದಿದ್ದರಂತೆ. ಹುಡುಗಿ ಜಿಲ್ಲಾ ಮಟ್ಟದಲ್ಲಿ ಎಂಟುನೂರು ಮೀಟರ್ ಓಡಿದ ಸರ್ಟಿಫಿಕೇಟ್ ಇತ್ತಂತೆ. ಅರ್ಜಿ ತುಂಬಿ, ಫೋಟೋ ಅಂಟಿಸಿ, ಸಹಿ ಹಾಕುವ ಹೊತ್ತಿಗೆ ತಾಯಿ, ಇಲ್ಲಿ ಪೀಡೀ ಸಾರ್ ಯಾರು ಅಂತ ಕೇಳಿದರಂತೆ. ಗುಮಾಸ್ತೆ ನನ್ನ ಹೆಸರು ಹೇಳಿದರು. ತಾಯಿ ಅರ್ಜಿಯನ್ನು ವಾಪಸು ತೆಗೆದುಕೊಂಡು, ಮಗಳ ಕೈ ಹಿಡಿದುಕೊಂಡು, ಗೇಟು ದಾಟಿ ಹೋದರಂತೆ.